ದೊಡ್ಡ ಆಮೆ, ಚಿಕ್ಕ ಆಮೆ ಒಂದೇ ಟ್ಯಾಂಕಿನಲ್ಲಿ ಇರಬಹುದೇ? ಒಂದರ ಮೇಲೊಂದು ಕೂತರೆ ಅದು ಸ್ನೇಹವೇ?

ನಿಮ್ಮ ಫೋನಿಗೂ ಇಂಥದ್ದೊಂದು ವಿಡಿಯೊ ಬಂದಿರಬಹುದು. ಗಾಜಿನ ಟ್ಯಾಂಕಿನಲ್ಲಿ ತಟ್ಟೆಯಷ್ಟು ದೊಡ್ಡ ಆಮೆ. ಅದರ ಬೆನ್ನ ಮೇಲೆ ಬೆಂಕಿಪೊಟ್ಟಣದಷ್ಟು ಪುಟ್ಟ ಆಮೆ. ಹಿನ್ನೆಲೆಯಲ್ಲಿ ಒಂದು ಹಾಡು, ಕೆಳಗೆ "ಅಮ್ಮನ ಬೆನ್ನೇರಿದ ಕಂದ" ಎಂಬ ಸಾಲು. ನೋಡಿದವರೆಲ್ಲ ಹೃದಯದ ಗುರುತು ಹಾಕಿ ಮುಂದಕ್ಕೆ ಕಳಿಸುತ್ತಾರೆ. ಮನೆಯಲ್ಲಿ ಈಗಾಗಲೇ ಒಂದು ಆಮೆ ಇರುವವರು "ಪಾಪ, ನಮ್ಮದು ಒಂಟಿಯಾಗಿದೆ" ಎಂದು ಅಂಗಡಿಗೆ ಹೋಗಿ ಒಂದು ಮರಿ ತಂದು ಅದೇ ನೀರಿಗೆ ಬಿಡುತ್ತಾರೆ.

ಮುಂದೆ ನಡೆಯುವುದು ವಿಡಿಯೊದಲ್ಲಿ ಬರುವುದಿಲ್ಲ. ಕೆಲವು ದಿನಗಳಲ್ಲಿ ಮರಿಯ ಬಾಲದ ತುದಿ ಇರುವುದಿಲ್ಲ, ಅಥವಾ ಕಾಲಿನ ಬೆರಳೊಂದು ಕಾಣೆಯಾಗಿರುತ್ತದೆ. ಇಲ್ಲವೇ ಮರಿ ಊಟ ಬಿಟ್ಟು ಮೂಲೆ ಹಿಡಿದಿರುತ್ತದೆ. "ಚೆನ್ನಾಗಿಯೇ ಇದ್ದವಲ್ಲ, ಏನಾಯಿತು?" ಎಂದು ಮನೆಯವರು ಕೇಳುತ್ತಾರೆ. ಈ ಲೇಖನದಲ್ಲಿ ನಾವು ಆ ಪ್ರಶ್ನೆಗೆ ಉತ್ತರ ಹುಡುಕೋಣ. ಬೇರೆ ಬೇರೆ ಗಾತ್ರದ ಆಮೆಗಳನ್ನು ಒಟ್ಟಿಗೆ ಸಾಕಬಹುದೇ, ಸಾಕಲೇಬೇಕಾದ ಸ್ಥಿತಿ ಬಂದರೆ ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು, ನಾವು ಯಾವ ಆಮೆಯ ಬಗ್ಗೆ ಮಾತಾಡುತ್ತಿದ್ದೇವೆ?

ನಮ್ಮ ಊರುಗಳ ಅಕ್ವೇರಿಯಂ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹಸಿರು ಚಿಪ್ಪಿನ, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಪುಟ್ಟ ಆಮೆ. ಇದರ ಹೆಸರು ರೆಡ್ ಇಯರ್ಡ್ ಸ್ಲೈಡರ್, ಅಂದರೆ ಕೆಂಪು ಕಿವಿಯ ಆಮೆ. ಇದು ನಮ್ಮ ದೇಶದ್ದಲ್ಲ. ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು ಮತ್ತು ಈಶಾನ್ಯ ಮೆಕ್ಸಿಕೊ ಇದರ ತವರು. ಮೊಟ್ಟೆಯಿಂದ ಹೊರಬಂದಾಗ ಸುಮಾರು 3 ಸೆಂಟಿಮೀಟರ್ ಉದ್ದವಿರುತ್ತದೆ. ಅಂಗೈಯಲ್ಲಿ ಎರಡು ಮೂರು ಮರಿ ಹಿಡಿಸುತ್ತವೆ. ಆದರೆ ಚೆನ್ನಾಗಿ ಬೆಳೆದ ಹೆಣ್ಣಿನ ಚಿಪ್ಪು 25ರಿಂದ 30 ಸೆಂಟಿಮೀಟರ್ ಮುಟ್ಟಬಲ್ಲದು. ಗಂಡು ಅಷ್ಟು ಬೆಳೆಯುವುದಿಲ್ಲ. ಸರಿಯಾಗಿ ನೋಡಿಕೊಂಡರೆ 20ರಿಂದ 30 ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಬದುಕುತ್ತದೆ. ಎರಡನೇ ಕ್ಲಾಸಿನ ಮಗುವಿಗೆಂದು ತಂದ ಆಮೆ, ಆ ಮಗುವಿನ ಮದುವೆಯ ಹೊತ್ತಿಗೂ ಮನೆಯಲ್ಲಿ ಇರಬಹುದು.

ನಕ್ಷತ್ರ ಆಮೆಯೂ ಸೇರಿದಂತೆ ನಮ್ಮ ನಾಡಿನ ಆಮೆಗಳ ಕಥೆ ಬೇರೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ನಂಬಿಕೆ 1: ಒಂದರ ಮೇಲೊಂದು ಕೂತಿವೆ ಅಂದರೆ ಅನ್ಯೋನ್ಯವಾಗಿವೆ

ಇಲ್ಲ. ಆಮೆ ಶೀತರಕ್ತದ ಪ್ರಾಣಿ. ನಮ್ಮಂತೆ ಮೈಯೊಳಗೇ ಬಿಸಿ ಹುಟ್ಟಿಸಿಕೊಂಡು ಇರಲು ಅದಕ್ಕೆ ಬರುವುದಿಲ್ಲ. ತಿಂದದ್ದು ಅರಗಬೇಕಾದರೆ, ಚಿಪ್ಪು ಒಣಗಬೇಕಾದರೆ ದಿನಕ್ಕೆ ಕೆಲವು ಗಂಟೆ ಬಿಸಿಲು ಕಾಯಲೇಬೇಕು. ಕೆರೆಯಲ್ಲಿ ಬಂಡೆ, ಮರದ ದಿಮ್ಮಿ ಬೇಕಾದಷ್ಟು ಇರುತ್ತವೆ. ಟ್ಯಾಂಕಿನಲ್ಲಿ ಇರುವುದು ಒಂದೇ ಕಲ್ಲು. ಆ ಒಂದು ಜಾಗಕ್ಕೆ ಎರಡು ಆಮೆಗಳು ಬಂದಾಗ ಒಂದು ಇನ್ನೊಂದರ ಮೇಲೆ ಹತ್ತುತ್ತದೆ. ಸಂಜೆಯ ಸಿಟಿ ಬಸ್ಸಿನಲ್ಲಿ ಮೈಗೆ ಮೈ ತಾಗಿಸಿ ನಿಂತವರೆಲ್ಲ ಸ್ನೇಹಿತರಲ್ಲ ತಾನೇ? ಇದೂ ಹಾಗೆಯೇ.

"ಅಮ್ಮ–ಕಂದ" ಎಂಬುದಂತೂ ಪೂರ್ತಿ ನಮ್ಮ ಕಲ್ಪನೆ. ಈ ಜಾತಿಯ ತಾಯಿ ನೆಲದಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ನೀರಿಗೆ ಮರಳುತ್ತದೆ. ಮರಿಗಳನ್ನು ಅದು ಸಾಕುವುದಿಲ್ಲ, ಗುರುತಿಸುವುದೂ ಇಲ್ಲ.

ಇನ್ನೊಂದು ವಿಡಿಯೊ ಕೂಡ ಓಡಾಡುತ್ತದೆ. ಒಂದು ಆಮೆ ಮುಂಗಾಲುಗಳನ್ನು ಚಾಚಿ ಇನ್ನೊಂದರ ಮುಖದ ಮುಂದೆ ಉಗುರುಗಳನ್ನು ಪಟಪಟ ಆಡಿಸುತ್ತದೆ. "ಹಾಯ್ ಹೇಳುತ್ತಿದೆ" ಎಂದು ನಗುತ್ತೇವೆ. ವಯಸ್ಸಿಗೆ ಬಂದ ಗಂಡು ಹೆಣ್ಣನ್ನು ಒಲಿಸಿಕೊಳ್ಳುವ ರೀತಿ ಅದು. ಹೆಣ್ಣಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲದ ಪುಟ್ಟ ಟ್ಯಾಂಕಿನಲ್ಲಿ ಈ ಒಲಿಸಾಟ ಹಗಲೆಲ್ಲಾ ನಡೆಯುವ ಕಿರುಕುಳವಾಗುತ್ತದೆ.

ನಂಬಿಕೆ 2: ಆಮೆ ಸಾಧು ಪ್ರಾಣಿ, ಕಚ್ಚುವುದಿಲ್ಲ

ಆಮೆಗೆ ಹಲ್ಲಿಲ್ಲ, ನಿಜ. ಆದರೆ ಅದರ ಬಾಯಿಯ ಅಂಚು ಗಟ್ಟಿಯಾದ ಕೊಕ್ಕಿನಂತಿರುತ್ತದೆ. ಮೀನು, ಹುಳ, ಬಸವನಹುಳು, ನೀರುಗಿಡಗಳನ್ನು ಹರಿದು ತಿನ್ನಲು ಅದು ಸಾಕು. ನೀರಿನಲ್ಲಿ ಮುಂದೆ ಅಲುಗಾಡುವ ಸಣ್ಣ ವಸ್ತುವನ್ನು ಬಾಯಿ ಹಾಕಿ ನೋಡುವುದು ಆಮೆಯ ಸಹಜ ಅಭ್ಯಾಸ. ಮರಿಯ ಬಾಲ, ಕಾಲ್ಬೆರಳು ದೊಡ್ಡ ಆಮೆಯ ಕಣ್ಣಿಗೆ ಹುಳುವಿನಂತೆ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ದ್ವೇಷವೇನೂ ಇರುವುದಿಲ್ಲ, ಹಸಿವು ಅಷ್ಟೇ.

ಒಂದೇ ಗಾತ್ರದ ಎರಡು ಆಮೆಗಳು ಕಚ್ಚಾಡಿದರೆ ಎರಡಕ್ಕೂ ಗೀರು ಬೀಳಬಹುದು. ಒಂದು ದೊಡ್ಡದು, ಒಂದು ಚಿಕ್ಕದು ಆಗಿದ್ದರೆ ಒಂದೇ ಕಡಿತಕ್ಕೆ ಬೆರಳು, ಕೆಲವೊಮ್ಮೆ ಕಾಲೇ ಹೋಗಬಹುದು. ಕುತ್ತಿಗೆಗೆ ಬಿದ್ದರೆ ಜೀವವೇ ಹೋಗುತ್ತದೆ. ಹಲ್ಲಿಯ ಬಾಲದಂತೆ ಆಮೆಯ ಬಾಲವಾಗಲೀ ಬೆರಳಾಗಲೀ ಮತ್ತೆ ಬೆಳೆಯುವುದಿಲ್ಲ.

ಕಚ್ಚದಿದ್ದರೂ ತೂಕದ ಅಪಾಯ ಇದ್ದೇ ಇದೆ. ದೊಡ್ಡ ಆಮೆ ಮೇಲೇರಿ ಕೂತರೆ ನೀರಿನಡಿ ಸಿಕ್ಕ ಮರಿ ಉಸಿರಿಗಾಗಿ ಮೇಲೆ ಬರಲಾರದು. ಆಮೆ ನೀರಿನಲ್ಲಿ ಇದ್ದರೂ ಉಸಿರಾಡುವುದು ಶ್ವಾಸಕೋಶದಿಂದಲೇ. ಹಾಗಾಗಿ ನೀರಾಮೆಯೂ ಮುಳುಗಿ ಸಾಯಬಹುದು.

ನಂಬಿಕೆ 3: ಚಿಕ್ಕದು ಬೆಳೆದ ಮೇಲೆ ಎಲ್ಲ ಸರಿಹೋಗುತ್ತದೆ

ತುಂಬ ಜನ ಎಡವುವುದು ಇಲ್ಲೇ. ಗಾತ್ರದ ವ್ಯತ್ಯಾಸ ತಾನಾಗಿ ಕಡಿಮೆಯಾಗುವುದಿಲ್ಲ, ಹೆಚ್ಚುತ್ತಾ ಹೋಗುತ್ತದೆ. ಟ್ಯಾಂಕಿಗೆ ಆಹಾರ ಹಾಕಿದ ಕೂಡಲೇ ದೊಡ್ಡದು ಮೊದಲು ನುಗ್ಗುತ್ತದೆ. ಮರಿಗೆ ಉಳಿದದ್ದು ಸಿಗುತ್ತದೆ, ಇಲ್ಲವೇ ಅದೂ ಇಲ್ಲ. ಬಿಸಿಲಿನ ಕಲ್ಲೂ ದೊಡ್ಡದರ ಪಾಲು. ತಿನ್ನಲು ಕಡಿಮೆ, ಕಾಯಲು ಬಿಸಿಲು ಕಡಿಮೆ, ಮೇಲಾಗಿ ಸದಾ ಹೆದರಿಕೆ. ಹೀಗಿದ್ದ ಮೇಲೆ ಮರಿ ಬೆಳೆಯುವುದು ಹೇಗೆ? ಚಿಕ್ಕದು ಎಂಬ ಕಾರಣಕ್ಕೆ ಸೋಲುತ್ತದೆ, ಸೋಲುವುದರಿಂದ ಚಿಕ್ಕದಾಗಿಯೇ ಉಳಿಯುತ್ತದೆ. ಒಂದೇ ದಿನ, ಒಂದೇ ಅಂಗಡಿಯಿಂದ, ಒಂದೇ ಅಳತೆಯ ಎರಡು ಮರಿ ತಂದವರ ಮನೆಯಲ್ಲೂ ವರ್ಷ ಕಳೆಯುವುದರೊಳಗೆ ಒಂದು ಇನ್ನೊಂದರ ಎರಡರಷ್ಟಾಗಿರುವುದು ಇದರಿಂದಲೇ.

ಇದರ ಜೊತೆಗೆ ಗಂಡು ಹೆಣ್ಣಿನ ಲೆಕ್ಕವೂ ಸೇರುತ್ತದೆ. ಮರಿಯಾಗಿದ್ದಾಗ ಯಾವುದು ಗಂಡು, ಯಾವುದು ಹೆಣ್ಣು ಎಂದು ಹೊರಗಿನಿಂದ ನೋಡಿ ಹೇಳಲಾಗದು. ಚಿಪ್ಪು ಸುಮಾರು 10 ಸೆಂಟಿಮೀಟರ್ ಆಗುವ ಹೊತ್ತಿಗೆ ಗಂಡಿನ ಮುಂಗಾಲಿನ ಉಗುರು ಉದ್ದವಾಗಿ, ಬಾಲ ದಪ್ಪವಾಗಿ ಕಾಣತೊಡಗುತ್ತದೆ. ಅಂಗಡಿಯವರು "ಜೋಡಿ" ಎಂದು ಕೊಟ್ಟ ಪುಟ್ಟ ಮರಿಗಳು ನಿಜಕ್ಕೂ ಜೋಡಿಯೇ ಎಂಬುದಕ್ಕೆ ಖಾತರಿ ಇಲ್ಲ. ನಿಜವಾಗಿಯೂ ಜೋಡಿಯಾಗಿದ್ದರೆ ಹೆಣ್ಣು ಗಂಡಿಗಿಂತ ದೊಡ್ಡದಾಗುತ್ತದೆ. ಎರಡೂ ಗಂಡಾಗಿದ್ದರೆ ಜಗಳ ಹೆಚ್ಚು.

ನಂಬಿಕೆ 4: ಟ್ಯಾಂಕ್ ಎಷ್ಟಿದೆಯೋ ಆಮೆ ಅಷ್ಟೇ ಬೆಳೆಯುತ್ತದೆ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಮನೆಖರ್ಚಿಗೆ ಸರಿ. ಆಮೆಗೆ ಅನ್ವಯಿಸುವುದಿಲ್ಲ. ಇಕ್ಕಟ್ಟಿನ, ಗಲೀಜು ನೀರಿನಲ್ಲಿ ಇಟ್ಟ ಆಮೆ ಚಿಕ್ಕದಾಗಿಯೇ ಉಳಿದಿದ್ದರೆ ಅದು ಟ್ಯಾಂಕಿಗೆ ಹೊಂದಿಕೊಂಡಿದೆ ಎಂದಲ್ಲ. ಅದರ ಆರೋಗ್ಯ ಕೆಟ್ಟಿದೆ ಎಂದರ್ಥ.

ಆಮೆ ಸಾಕುವವರಲ್ಲಿ ಒಂದು ಅಂದಾಜು ಲೆಕ್ಕ ಬಳಕೆಯಲ್ಲಿದೆ: ಚಿಪ್ಪಿನ ಉದ್ದದ ಪ್ರತಿ ಒಂದು ಇಂಚಿಗೆ ಸುಮಾರು 40 ಲೀಟರ್ ನೀರು. ಈಗ ನಮ್ಮ ಮನೆಗಳಲ್ಲಿರುವ ಸಾಮಾನ್ಯ ಗಾಜಿನ ಟ್ಯಾಂಕ್ ನೋಡೋಣ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಕಂಠದವರೆಗೆ ತುಂಬಿದರೂ ಹಿಡಿಸುವುದು ಸುಮಾರು 56 ಲೀಟರ್. ಆಮೆ ಹೊರಗೆ ಹತ್ತದಂತೆ ಮುಕ್ಕಾಲು ಭಾಗ ಮಾತ್ರ ತುಂಬಿದರೆ ಸುಮಾರು 42 ಲೀಟರ್. ಅಂದರೆ ಒಂದಿಂಚಿನ ಒಂದೇ ಒಂದು ಮರಿಗೆ ಸಾಕಾಗುವಷ್ಟು! 4 ಇಂಚಿನ ಆಮೆಗೆ 160 ಲೀಟರ್ ಬೇಕು. 10 ಇಂಚಿನ ಹೆಣ್ಣಿಗೆ 400 ಲೀಟರ್ ಬೇಕು. ಮನೆಯ ಮೇಲಿರುವ 500 ಲೀಟರಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ, ಹೆಚ್ಚುಕಮ್ಮಿ ಅಷ್ಟು. ಇದು ಒಂದು ಆಮೆಯ ಲೆಕ್ಕ. ಎರಡಿದ್ದರೆ ಜಾಗ ಇನ್ನೂ ಹೆಚ್ಚಬೇಕು.

ನೀರು ಕಡಿಮೆಯಾದಷ್ಟೂ ಅದು ಬೇಗ ಕೆಡುತ್ತದೆ. ಆಮೆಯ ಹೇಲು ಉಚ್ಚೆ, ಉಳಿದ ಆಹಾರ ಎಲ್ಲ ಅಲ್ಲೇ ಕೊಳೆತು ಅಮೋನಿಯಾ ಏರುತ್ತದೆ. ಕಚ್ಚಿದ ಗಾಯ ಇಂಥ ನೀರಿನಲ್ಲಿ ಮಾಯುವುದಿಲ್ಲ, ಕೀವಾಗುತ್ತದೆ. ಚಿಪ್ಪು ಕೊಳೆಯುವ ರೋಗವೂ ಇಲ್ಲಿಂದಲೇ ಶುರು. ಚಿಪ್ಪು ಎಂದರೆ ಹೊದಿಕೆಯಲ್ಲ, ನರಗಳಿರುವ ಜೀವಂತ ಮೂಳೆ ಎಂಬುದು ನೆನಪಿರಲಿ.

ಹಾಗಾದರೆ ಸುರಕ್ಷಿತ ದಾರಿ ಯಾವುದು?

ನಮ್ಮ ನೇರ ಉತ್ತರ: ಒಂದು ಟ್ಯಾಂಕಿಗೆ ಒಂದೇ ಆಮೆ. ಕೆಂಪು ಕಿವಿಯ ಆಮೆಗೆ ಬದುಕಲು ಜೊತೆ ಬೇಕಿಲ್ಲ. "ಒಂಟಿ, ಪಾಪ" ಅನ್ನಿಸುವುದು ನಮಗೆ, ಅದಕ್ಕಲ್ಲ. ಎರಡನೆಯದನ್ನು ತರುವ ಯೋಚನೆ ಇದ್ದರೆ ಎರಡನೇ ಟ್ಯಾಂಕ್, ಎರಡನೇ ಫಿಲ್ಟರ್, ಎರಡನೇ ದೀಪದ ಖರ್ಚನ್ನೂ ಮೊದಲೇ ಲೆಕ್ಕ ಹಾಕಿ.

ಈಗಾಗಲೇ ಎರಡು ಇದ್ದು, ಒಂದು ದೊಡ್ಡದು ಇನ್ನೊಂದು ಚಿಕ್ಕದು ಆಗಿದ್ದರೆ ಇಷ್ಟು ಮಾಡಿ.

ಮೊದಲು ಬೇರ್ಪಡಿಸಿ. ಹೊಸ ಟ್ಯಾಂಕ್ ಇವತ್ತೇ ಸಿಗದಿದ್ದರೆ ತಾತ್ಕಾಲಿಕವಾಗಿ ದೊಡ್ಡ ಪ್ಲಾಸ್ಟಿಕ್ ಟಬ್ ಸಾಕು. ಅದರಲ್ಲಿ ಮೈ ಒಣಗಿಸಿಕೊಳ್ಳಲು ಒಂದು ಕಲ್ಲು ಅಥವಾ ಇಟ್ಟಿಗೆ ಇರಲಿ. ಮಗುಚಿ ಬಿದ್ದರೆ ಮತ್ತೆ ತಿರುಗಿಕೊಳ್ಳಲು ಆಗುವಷ್ಟು ಆಳದ ನೀರು, ಅಂದರೆ ಕನಿಷ್ಠ ಚಿಪ್ಪಿನ ಅಗಲಕ್ಕಿಂತ ಹೆಚ್ಚು ಇರಲಿ.

ದೊಡ್ಡ ಟ್ಯಾಂಕನ್ನೇ ಎರಡು ಭಾಗ ಮಾಡುವುದಾದರೆ ಅಡ್ಡಗೋಡೆ ಗಟ್ಟಿಯಾಗಿರಲಿ, ನೀರಿನ ಮಟ್ಟಕ್ಕಿಂತ ಸಾಕಷ್ಟು ಎತ್ತರವಿರಲಿ. ಆಮೆ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹತ್ತುತ್ತದೆ. ನೀರು ಹರಿಯಲು ತೂತುಗಳಿರಲಿ, ಆದರೆ ಉಗುರು, ಬೆರಳು ಸಿಕ್ಕಿಕೊಳ್ಳುವ ಬಲೆ ಬೇಡ. ಆಚೆಯದು ಕಾಣದಂತಿದ್ದರೆ ಇನ್ನೂ ಒಳ್ಳೆಯದು. ಬಿಸಿಲು ಕಾಯುವ ಜಾಗ ಎರಡೂ ಕಡೆ ಬೇಕು.

ಕಲ್ಲು, ಫಿಲ್ಟರ್ ಮತ್ತು ಗಾಜಿನ ನಡುವಿನ ಸಂದುಗಳನ್ನು ನೋಡಿ. ದೊಡ್ಡ ಆಮೆಗೆ ಲೆಕ್ಕಕ್ಕಿಲ್ಲದ ಸಂದು ಮರಿಗೆ ಬಲೆಯಾಗುತ್ತದೆ. ಅಲ್ಲಿ ತಲೆ ಅಥವಾ ಚಿಪ್ಪು ಸಿಕ್ಕಿಕೊಂಡರೆ ಮೇಲೆ ಬಂದು ಉಸಿರಾಡಲಾಗದೆ ಸಾಯುತ್ತದೆ.

ಊಟ ಬೇರೆ ಬೇರೆ ಕೊಡಿ. ಇದು ಬರೀ ಜಗಳ ತಪ್ಪಿಸಲು ಮಾತ್ರವಲ್ಲ, ಎರಡರ ಊಟವೇ ಬೇರೆ. ಬೆಳೆಯುವ ಮರಿಗೆ ಮಾಂಸಾಂಶ ಹೆಚ್ಚು ಬೇಕು. ಬೆಳೆದ ಆಮೆಗೆ ಸೊಪ್ಪು, ನೀರುಗಿಡ ಹೆಚ್ಚು ಬೇಕು. ಮರಿಯ ಆಹಾರವನ್ನೇ ದೊಡ್ಡದೂ ನುಂಗಿದರೆ ಅದಕ್ಕೆ ಬೊಜ್ಜು ಬರುತ್ತದೆ. ಒಣ ಸೀಗಡಿ ಒಂದನ್ನೇ ವರ್ಷವಿಡೀ ಹಾಕುವುದು ಸಾಲದು. ಹಾಲು, ಬ್ರೆಡ್, ಅನ್ನ ಬೇಡವೇ ಬೇಡ. ಈ ಆಮೆಗಳು ನೀರಿನಲ್ಲೇ ಆಹಾರ ನುಂಗುವುದರಿಂದ ಊಟದ ಟಬ್ಬಿನಲ್ಲೂ ನೀರಿರಬೇಕು.

ಬಿಸಿಲಿನ ವ್ಯವಸ್ಥೆ ಎರಡಕ್ಕೂ ಪ್ರತ್ಯೇಕವಾಗಿರಲಿ. ಕ್ಯಾಲ್ಸಿಯಂ ಮೈಗೆ ಹಿಡಿಯಲು ಯುವಿಬಿ ಕಿರಣ ಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಅದು ಸಿಗುವುದಿಲ್ಲ, ಗಾಜು ಅದನ್ನು ತಡೆಯುತ್ತದೆ. ಹಾಗೆಂದು ಗಾಜಿನ ಟ್ಯಾಂಕನ್ನೇ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ನೀರು ಕಾದು ಆಮೆ ಬೇಯುತ್ತದೆ. ಯುವಿಬಿ ದೀಪ ಹಾಕಿ. ಅಥವಾ ಬೆಳಗಿನ ಎಳೆಬಿಸಿಲಿನಲ್ಲಿ, ಅರ್ಧ ನೆರಳಿರುವ ಟಬ್ಬಿನಲ್ಲಿ, ಕಾಗೆ ಬೆಕ್ಕುಗಳಿಗೆ ಸಿಗದಂತೆ ಸ್ವಲ್ಪ ಹೊತ್ತು ಬಿಡಿ. ನೀರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವುದು ಒಳ್ಳೆಯದು. ಬೆಂಗಳೂರಿನ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಮರಿಗಳ ಟ್ಯಾಂಕಿಗೆ ಹೀಟರ್ ಬೇಕಾಗಬಹುದು.

ಹೊಸದಾಗಿ ತಂದ ಆಮೆ ಎಷ್ಟೇ ಚುರುಕಾಗಿ ಕಂಡರೂ ಕೆಲವು ವಾರ, ಸಾಧ್ಯವಾದರೆ ಎರಡು ಮೂರು ತಿಂಗಳು ಬೇರೆ ನೀರಿನಲ್ಲೇ ಇರಲಿ. ಹೊರಗೆ ಲಕ್ಷಣ ಕಾಣದೆ ಒಳಗೆ ಸೋಂಕು, ಜಂತು ಇರಬಹುದು.

ಈ ಲಕ್ಷಣ ಕಂಡರೆ ಕಾಯಬೇಡಿ

ಮರಿ ಸದಾ ಕಲ್ಲಿನ ಮೇಲೇ ಇದ್ದು ನೀರಿಗಿಳಿಯಲು ಹಿಂಜರಿಯುವುದು. ಅಥವಾ ಇದಕ್ಕೆ ವಿರುದ್ಧವಾಗಿ, ಬಿಸಿಲು ಕಾಯಲು ಮೇಲೆ ಬಾರದಿರುವುದು. ದೊಡ್ಡದು ಹತ್ತಿರ ಬಂದ ಕೂಡಲೇ ದಡಬಡ ಓಡುವುದು. ಊಟ ಬಿಡುವುದು. ಬಾಲ, ಬೆರಳು, ಚಿಪ್ಪಿನ ಅಂಚಿನಲ್ಲಿ ಕಡಿತದ ಗುರುತು. ಇವುಗಳಲ್ಲಿ ಒಂದು ಕಂಡರೂ ಸಾಕು, ಅದೇ ದಿನ ಬೇರ್ಪಡಿಸಿ. "ಇನ್ನೆರಡು ದಿನ ನೋಡೋಣ, ಹೊಂದಿಕೊಳ್ಳುತ್ತವೆ" ಎಂಬ ಮಾತಿಗೇ ಹೆಚ್ಚಿನ ಬೆರಳುಗಳು ಹೋಗುವುದು.

ಗಾಯವಾಗಿದ್ದರೆ ಶುದ್ಧ ನೀರಿನಿಂದ ತೊಳೆದು, ಸ್ವಚ್ಛವಾದ ಒಣ ಜಾಗದಲ್ಲಿ ಬೆಚ್ಚಗಿಟ್ಟು, ಸರೀಸೃಪಗಳಿಗೆ ಚಿಕಿತ್ಸೆ ಕೊಟ್ಟು ಗೊತ್ತಿರುವ ಪಶುವೈದ್ಯರ ಬಳಿ ಒಯ್ಯಿರಿ. ಅರಿಶಿನ, ಎಣ್ಣೆ, ಮನೆಯಲ್ಲಿ ಉಳಿದ ಮುಲಾಮು ಹಚ್ಚಬೇಡಿ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು

ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಆಮೆಗೆ ಅದರಿಂದ ಏನೂ ಆಗದಿದ್ದರೂ ನಮಗೆ ಜ್ವರ, ಹೊಟ್ಟೆನೋವು, ಭೇದಿ ಬರಬಹುದು. ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಇದು ಗಂಭೀರವಾಗಬಹುದು. ಅಮೆರಿಕ 1975ರಲ್ಲಿಯೇ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟಕ್ಕೆ ನಿಷೇಧ ಹೇರಿದ್ದು ಇದೇ ಕಾರಣಕ್ಕೆ. ಪುಟ್ಟ ಆಮೆಯನ್ನು ಮಕ್ಕಳು ಆಟಿಕೆಯಂತೆ ಹಿಡಿಯುತ್ತಾರೆ, ಮುತ್ತು ಕೊಡುತ್ತಾರೆ, ಬಾಯಿಗೂ ಇಟ್ಟುಕೊಳ್ಳುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಮರಿಗಳೆಲ್ಲ ಆ ಅಳತೆಗಿಂತ ಚಿಕ್ಕವೇ.

ಆಮೆ ಮುಟ್ಟಿದ ಮೇಲೆ, ಅದರ ನೀರು ಮುಟ್ಟಿದ ಮೇಲೂ ಸೋಪು ಹಾಕಿ ಕೈ ತೊಳೆಯಿರಿ. ಟ್ಯಾಂಕನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಆಮೆ ಎರಡಾದರೆ ನೀರು ಎರಡರಷ್ಟು ಬೇಗ ಗಲೀಜಾಗುತ್ತದೆ, ಅದನ್ನು ತೊಳೆಯುವ ಕೆಲಸವೂ ಹೆಚ್ಚುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಾಕಲು ಆಗದಿದ್ದರೆ ಕೆರೆಗೆ ಬಿಡಬಹುದೇ?

ಖಂಡಿತ ಬೇಡ. ಆಮೆಗಳು ಕಚ್ಚಾಡತೊಡಗಿದಾಗ ಹಲವರಿಗೆ ತೋಚುವ ಮೊದಲ ಉಪಾಯವೇ ಇದು. ಒಂದನ್ನು ಊರಿನ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಪುಣ್ಯ ಬಂತು ಎಂದುಕೊಳ್ಳುತ್ತಾರೆ. ಆದರೆ ಟ್ಯಾಂಕಿನಲ್ಲಿ ನಡೆದದ್ದೇ ಅಲ್ಲೂ ನಡೆಯುತ್ತದೆ. ಈ ಸಲ ಜಾಗ ಕಳೆದುಕೊಳ್ಳುವುದು ನಮ್ಮ ಊರಿನ ಆಮೆಗಳು. ಬಿಸಿಲಿನ ಬಂಡೆ, ಆಹಾರ, ಮೊಟ್ಟೆಯಿಡುವ ದಡ ಎಲ್ಲದಕ್ಕೂ ವಿದೇಶಿ ಆಮೆ ಪೈಪೋಟಿ ಕೊಡುತ್ತದೆ, ರೋಗವನ್ನೂ ಹರಡಬಲ್ಲದು. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ವಿದೇಶಿ ಜೀವಿಗಳ ಐಯುಸಿಎನ್ ಪಟ್ಟಿಯಲ್ಲಿ ಈ ಕೆಂಪು ಕಿವಿಯ ಆಮೆಯ ಹೆಸರಿದೆ. ಜಪಾನ್ 2023ರ ಜೂನ್‌ನಿಂದ ಇದರ ಮಾರಾಟವನ್ನೂ ಹೊರಗೆ ಬಿಡುವುದನ್ನೂ ನಿಷೇಧಿಸಿದೆ. ಭಾರತದಲ್ಲೂ ಕೇರಳ, ಅಸ್ಸಾಂ ಸೇರಿದಂತೆ ಹಲವು ಕಡೆ ಇದು ಕೆರೆ ಕಾಲುವೆಗಳಲ್ಲಿ ಸಿಕ್ಕಿದೆ.

ಸಾಕಲು ಆಗದಿದ್ದರೆ ಜವಾಬ್ದಾರಿಯಿಂದ ನೋಡಿಕೊಳ್ಳಬಲ್ಲ ಬೇರೆಯವರಿಗೆ ಕೊಡಿ, ಇಲ್ಲವೇ ಪ್ರಾಣಿ ರಕ್ಷಣಾ ಕೇಂದ್ರವನ್ನು ಕೇಳಿ ನೋಡಿ.

ನಮ್ಮ ನಾಡಿನ ಆಮೆಗಳನ್ನು ಜೊತೆಗಿಡಬಹುದೇ?

ಜೊತೆಗಿಡುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಅವನ್ನು ಸಾಕುವುದೇ ಅಪರಾಧ. ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ಒಂದನೇ ಅನುಸೂಚಿಯಲ್ಲಿದೆ. ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಸಿಕ್ಕಿಬಿದ್ದರೆ ಜೈಲು ಶಿಕ್ಷೆ ಆಗಬಹುದು. ಮೇಲಾಗಿ ಅದು ಒಣ ನೆಲದ ಆಮೆ. ಅದನ್ನು ನೀರಾಮೆಯ ಟ್ಯಾಂಕಿಗೆ ಹಾಕಿದರೆ ಮುಳುಗಿ ಸಾಯುತ್ತದೆ. ಮಳೆಗಾಲದಲ್ಲಿ ರಸ್ತೆಯಲ್ಲೋ ಗದ್ದೆಯಲ್ಲೋ ಆಮೆ ಕಂಡರೆ ಮನೆಗೆ ತರಬೇಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

"ಮನೆಯಲ್ಲಿ ಆಮೆ ಇದ್ದರೆ ದುಡ್ಡು ನಿಲ್ಲುತ್ತದೆ, ಜೋಡಿ ಇದ್ದರೆ ಇನ್ನೂ ಒಳ್ಳೆಯದು" ಎಂದು ನಂಬುವವರೊಂದಿಗೆ ನಮ್ಮ ವಾದವಿಲ್ಲ. ಅಂಥವರಿಗಾಗಿಯೇ ಅಂಗಡಿಗಳಲ್ಲಿ ಹಿತ್ತಾಳೆಯ ಆಮೆ ಸಿಗುತ್ತದೆ. ಬೇಕಿದ್ದರೆ ದೊಡ್ಡದೊಂದು, ಚಿಕ್ಕದೊಂದು ತಂದು ಒಂದೇ ತಟ್ಟೆಯಲ್ಲಿಡಿ, ಅವು ಕಚ್ಚಾಡುವುದಿಲ್ಲ.

ಜೀವವಿರುವ ಆಮೆ ಈಗಾಗಲೇ ಮನೆಯಲ್ಲಿದ್ದರೆ, ಇವತ್ತು ಊಟ ಹಾಕುವಾಗ ಹತ್ತು ನಿಮಿಷ ಟ್ಯಾಂಕಿನ ಮುಂದೆ ಕುಳಿತು ನೋಡಿ. ಯಾವುದು ಮೊದಲು ತಿನ್ನುತ್ತದೆ, ಯಾವುದು ದೂರ ಸರಿಯುತ್ತದೆ, ಚಿಕ್ಕದರ ಬೆರಳುಗಳು ಎಲ್ಲವೂ ಇವೆಯೇ ಎಂದು ಎಣಿಸಿ. ಮುಂದಿನ ಸಲ "ಅಮ್ಮನ ಬೆನ್ನೇರಿದ ಕಂದ" ವಿಡಿಯೊ ಗ್ರೂಪಿಗೆ ಬಂದಾಗ, ನೀವು ನೋಡಿದ್ದನ್ನೂ ಅದರ ಕೆಳಗೆ ಬರೆಯಿರಿ.